ಪರ್ಮಾಂಗನೇಟ್ ಟೈಟ್ರೇಷನ್: ಅವಸರವಿಲ್ಲದೆ ರೀಡಿಂಗ್ ತೆಗೆಯುವ ಬಗೆ

ಕಾಲುಬಾಯಿ ಜ್ವರ ಬಂದಾಗ ದನದ ಗೊರಸನ್ನು ನೇರಳೆ ನೀರಿನಲ್ಲಿ ತೊಳೆದ ಮನೆಯ ಮಕ್ಕಳೇ ನಮ್ಮ ಕಾಲೇಜಿನಲ್ಲಿ ಹೆಚ್ಚು. ಆ ನೀರೇ ಪೊಟ್ಯಾಸಿಯಂ ಪರ್ಮಾಂಗನೇಟ್. ಮನೆಯಲ್ಲಿ ಬಕೆಟ್‌ಗಟ್ಟಲೆ ಕಲಸಿದವರಿಗೂ ಲ್ಯಾಬಿನಲ್ಲಿ ಅದು ಬ್ಯುರೆಟ್ಟಿನೊಳಗೆ (ಕೆಳಗೆ ನಲ್ಲಿ ಇರುವ, ಅಳತೆ ಗೆರೆಗಳ ಉದ್ದನೆ ಗಾಜಿನ ಕೊಳವೆ) ಕಂಡರೆ ಕೈ ನಡುಗುತ್ತದೆ. ಟೈಟ್ರೇಷನ್ ಎಂದರೆ ಸಾಂದ್ರತೆ ಗೊತ್ತಿರುವ ಆಕ್ಸಾಲಿಕ್ ಆಮ್ಲಕ್ಕೆ ಪರ್ಮಾಂಗನೇಟನ್ನು ಅಳೆದು ಬಿಟ್ಟು, ಎಷ್ಟು ಖರ್ಚಾಯಿತು ಎಂಬುದರಿಂದ ಅದರ ಸಾಂದ್ರತೆ ಕಂಡುಹಿಡಿಯುವುದು. 19 ವರ್ಷದಿಂದ ದ್ವಿತೀಯ ಪಿಯು ಮಕ್ಕಳಿಗೆ ಪ್ರಾಕ್ಟಿಕಲ್ ಮಾಡಿಸುತ್ತಿದ್ದೇನೆ. ನಾನು ನೋಡಿದ ತಪ್ಪು ರೀಡಿಂಗ್‌ಗಳಲ್ಲಿ ಮುಕ್ಕಾಲು ಪಾಲು ಮೊದಲ ಹತ್ತು ನಿಮಿಷದ ಗಡಿಬಿಡಿಯಲ್ಲೇ ಹುಟ್ಟಿದವು.

ತೊಳೆಯುವುದರಿಂದ ಶುರು ಮಾಡಿ. ಬ್ಯುರೆಟ್ಟನ್ನು ಮೊದಲು ನೀರಿನಲ್ಲಿ, ಆಮೇಲೆ ಸ್ವಲ್ಪ ಪರ್ಮಾಂಗನೇಟ್ ದ್ರಾವಣದಲ್ಲಿ ಆಡಿಸಿ ಚೆಲ್ಲಿ. ಪಿಪೆಟ್ಟನ್ನು (ಒಂದೇ ನಿಗದಿತ ಅಳತೆ ಎಳೆದುಕೊಳ್ಳುವ ಗಾಜಿನ ಕೊಳವೆ) ಹಾಗೆಯೇ ಆಕ್ಸಾಲಿಕ್ ಆಮ್ಲದಲ್ಲಿ ತೊಳೆಯಿರಿ. ಕ್ರಿಯೆ ನಡೆಯುವ ಕೋನಿಕಲ್ ಫ್ಲಾಸ್ಕಿಗೆ ಮಾತ್ರ ಬರೀ ಡಿಸ್ಟಿಲ್ಡ್ ವಾಟರ್. ಅದರಲ್ಲಿ ಒಂದೆರಡು ಹನಿ ನೀರು ಉಳಿದರೆ ಚಿಂತೆಯಿಲ್ಲ, ನೀವು ಹಾಕುವ 10 ಮಿ.ಲೀ. ಆಮ್ಲದೊಳಗಿನ ಆಮ್ಲ ಅಷ್ಟೇ ಇರುತ್ತದೆ. ಬ್ಯುರೆಟ್ಟಿನಲ್ಲಿ ನೀರು ಉಳಿದರೆ ದ್ರಾವಣವೇ ತೆಳ್ಳಗಾಗುತ್ತದೆ.

ಬ್ಯುರೆಟ್ ತುಂಬಿದ ಕೂಡಲೇ ಮೇಲಿನ ಫನಲ್ ತೆಗೆದಿಡಿ. ಇದನ್ನು ಒತ್ತಿ ಹೇಳುತ್ತೇನೆ. ನನ್ನ ಬಿ.ಎಸ್ಸಿ. ಪರೀಕ್ಷೆಯಲ್ಲಿ ಫನಲ್ ಮರೆತು, ಅದರ ತುದಿಯಲ್ಲಿ ನೇತಾಡುತ್ತಿದ್ದ ಹನಿಗಳು ನಡುವೆ ಒಳಗೆ ಬಿದ್ದು, ಮೂರು ರೀಡಿಂಗ್ ಮೂರು ದಾರಿ ಹಿಡಿದವು. ನಲ್ಲಿಯ ಕೆಳಗಿನ ಮೂತಿಯಲ್ಲಿ ಗಾಳಿಗುಳ್ಳೆ ಇದ್ದರೆ ನಲ್ಲಿ ಒಮ್ಮೆ ಪೂರ್ತಿ ತೆರೆದು ಓಡಿಸಿ. ಪರ್ಮಾಂಗನೇಟ್ ಗಾಢ ಬಣ್ಣದ್ದು, ದ್ರಾವಣದ ಮೇಲ್ಮೈ ನಡುವಿನ ತಗ್ಗಿನ ತಳ ಕಾಣುವುದಿಲ್ಲ; ಅದಕ್ಕೇ ಮೇಲಂಚನ್ನು ಓದಬೇಕು. ಕಣ್ಣು ಆ ಅಂಚಿನ ಮಟ್ಟಕ್ಕೇ ಬರಲಿ, ಗಿಡ್ಡಗಿದ್ದವರು ಸ್ಟೂಲ್ ಕೇಳಲು ನಾಚಬೇಡಿ.

ಪಿಪೆಟ್ಟನ್ನು ಬಾಯಲ್ಲಿ ಎಳೆಯಲೇಬೇಡಿ. ಆಕ್ಸಾಲಿಕ್ ಆಮ್ಲ ವಿಷ. ರಬ್ಬರ್ ಬಲ್ಬ್ ಕೊಡಿ ಎಂದು ಕೇಳಿ. 10 ಮಿ.ಲೀ. ಆಮ್ಲ ಫ್ಲಾಸ್ಕಿಗೆ ಇಳಿದ ಮೇಲೆ ಪಿಪೆಟ್ಟಿನ ತುದಿಯಲ್ಲಿ ಉಳಿಯುವ ಹನಿಯನ್ನು ಊದಬಾರದು, ಆ ಹನಿಯನ್ನು ಬಿಟ್ಟೇ ಅಳತೆಯ ಗೆರೆ ಎಳೆದಿರುತ್ತಾರೆ.

ಈಗ ಒಂದು ಟೆಸ್ಟ್ ಟ್ಯೂಬ್ ತುಂಬ ಸಾರರಿಕ್ತ (ನೀರು ಬೆರೆಸಿ ತೆಳುಮಾಡಿದ) ಸಲ್ಫ್ಯೂರಿಕ್ ಆಮ್ಲ ಸೇರಿಸಿ. ಹೈಡ್ರೋಕ್ಲೋರಿಕ್ ಯಾಕಾಗದು ಎಂದು ವೈವಾದಲ್ಲಿ (ಮೌಖಿಕ ಪರೀಕ್ಷೆ) ತಪ್ಪದೆ ಕೇಳುತ್ತಾರೆ. ಪರ್ಮಾಂಗನೇಟ್ ಅದರ ಕ್ಲೋರೈಡನ್ನೂ ಕ್ಲೋರಿನ್ ಆಗಿಸುತ್ತದೆ, ಅಷ್ಟು ದ್ರಾವಣ ದಂಡವಾಗಿ ಖರ್ಚು. ನೈಟ್ರಿಕ್ ಆಮ್ಲವಾದರೆ ತಾನೇ ಉತ್ಕರ್ಷಣಕಾರಿ (ಎದುರಿನದರ ಎಲೆಕ್ಟ್ರಾನ್ ಕಸಿಯುವಂಥದ್ದು), ಆಕ್ಸಾಲಿಕ್ ಆಮ್ಲದ ಮೇಲೆ ಅದೂ ಕೈ ಹಾಕುತ್ತದೆ.

ಫ್ಲಾಸ್ಕನ್ನು 60ರಿಂದ 70 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿ ಮಾಡಿ. ಆವಿ ಏಳತೊಡಗಿದರೆ ಸಾಕು. ಕುದಿಸಿದರೆ ಆಕ್ಸಾಲಿಕ್ ಆಮ್ಲವೇ ಒಡೆದುಹೋಗುತ್ತದೆ. ಬಟ್ಟೆಯಲ್ಲಿ ಹಿಡಿದು ಬ್ಯುರೆಟ್ಟಿನ ಕೆಳಗೆ ತನ್ನಿ, ಅಡಿಗೆ ಬಿಳಿ ಹಾಳೆ ಇರಲಿ. ಮೊದಲ ಹನಿ ಬಿದ್ದಾಗ ಬಣ್ಣ ಹಾಗೇ ನಿಲ್ಲುತ್ತದೆ. ಮಕ್ಕಳು ಇಲ್ಲೇ ಹೆದರಿ ಎಂಡ್ ಪಾಯಿಂಟ್ (ಕ್ರಿಯೆ ಮುಗಿದ ಗುರುತು) ಬಂತೆಂದು ಬರೆದುಬಿಡುತ್ತಾರೆ. ಅಲುಗಿಸುತ್ತ ಕಾಯಿರಿ. ಕ್ರಿಯೆಯಲ್ಲಿ ಹುಟ್ಟುವ ಮ್ಯಾಂಗನೀಸ್ ಅಯಾನೇ ಮುಂದಿನ ಹನಿಗಳಿಗೆ ವೇಗ ಕೊಡುತ್ತದೆ, ಆಮೇಲೆ ನೇರಳೆ ಬಿದ್ದಲ್ಲೇ ಮಾಯ. ಫ್ಲಾಸ್ಕು ಕಂದು ಬಣ್ಣಕ್ಕೆ ತಿರುಗಿದರೆ ಸಲ್ಫ್ಯೂರಿಕ್ ಆಮ್ಲ ಕಡಿಮೆಯಾಗಿದೆ, ಇಲ್ಲವೇ ತೀರ ಬೇಗ ಬಿಟ್ಟಿದ್ದೀರಿ. ಆ ಫ್ಲಾಸ್ಕು ಚೆಲ್ಲಿ, ಮತ್ತೆ ಮಾಡಿ.

ಬಣ್ಣ ಹೋಗುವುದು ನಿಧಾನವಾದಾಗ ಹನಿಹನಿಯಾಗಿ ಬಿಡಿ. ಈರುಳ್ಳಿ ಸಿಪ್ಪೆ ನೆನೆಸಿದ ನೀರಿನಂಥ ನಸುಗೆಂಪು 30 ಸೆಕೆಂಡ್ ನಿಂತರೆ ಅದೇ ಎಂಡ್ ಪಾಯಿಂಟ್. ಗಾಢ ಗುಲಾಬಿ ಚೆಂದ ಕಾಣುತ್ತದೆ, ಆದರೆ ಅದು ಎಂಡ್ ಪಾಯಿಂಟ್ ದಾಟಿದ ಬಣ್ಣ. ಪರ್ಮಾಂಗನೇಟಿನ ಬಣ್ಣವೇ ಗುರುತು ಕೊಡುವುದರಿಂದ ಬೇರೆ ಸೂಚಕ ಬೇಕಿಲ್ಲ. ಎರಡು ರೀಡಿಂಗ್ ತಾಳೆಯಾಗುವವರೆಗೆ ಮಾಡಿ. ಪಕ್ಕದವರ ಅಂಕಿ ಬರೆದುಕೊಂಡರೆ ನಿಮ್ಮ ದ್ರಾವಣಕ್ಕೆ ಅದು ಹೊಂದುವುದಿಲ್ಲ, ನಾನಂತೂ ಬ್ಯಾಚಿಗೊಂದು ಸಾಂದ್ರತೆ ಇಡುತ್ತೇನೆ.

ಲೆಕ್ಕ ಹೀಗೆ: ಕ್ರಿಯೆಯಲ್ಲಿ 2 ಮೋಲ್ ಪರ್ಮಾಂಗನೇಟಿಗೆ 5 ಮೋಲ್ ಆಕ್ಸಾಲಿಕ್ ಆಮ್ಲ. ಆಮ್ಲ 0.05 ಮೋಲಾರ್ (ಲೀಟರಿಗೆ ಅಷ್ಟು ಮೋಲ್), 10 ಮಿ.ಲೀ., ಬ್ಯುರೆಟ್ ರೀಡಿಂಗ್ 9.8 ಎಂದಿಟ್ಟುಕೊಳ್ಳಿ. 2 × 0.05 × 10 ಅನ್ನು 5 × 9.8ರಿಂದ ಭಾಗಿಸಿದರೆ 0.0204 ಮೋಲಾರ್. ಅದನ್ನು ಪರ್ಮಾಂಗನೇಟಿನ ಒಂದು ಮೋಲ್ ತೂಕವಾದ 158ರಿಂದ ಗುಣಿಸಿದರೆ ಲೀಟರಿಗೆ 3.22 ಗ್ರಾಂ. ಆ 2 ಮತ್ತು 5 ಅದಲುಬದಲಾದರೆ ಅಷ್ಟೂ ದುಡಿಮೆ ನೀರುಪಾಲು. ಅದಕ್ಕೇ ಸಮೀಕರಣವನ್ನು ಹಾಳೆಯ ನೆತ್ತಿಯಲ್ಲಿ ಮೊದಲೇ ಬರೆದಿಡಿ.

ಬ್ಯುರೆಟ್ಟಿನ ಗಾಜಿಗೆ ಕಂದು ಕಲೆ ಹತ್ತಿದ್ದರೆ ಉಳಿದ ಆಕ್ಸಾಲಿಕ್ ಆಮ್ಲ ಸ್ವಲ್ಪ ಹಾಕಿ ಆಡಿಸಿ, ಕಲೆ ಬಿಡುತ್ತದೆ. ಆಮೇಲೆ ನೀರಿನಲ್ಲಿ ಚೆನ್ನಾಗಿ ತೊಳೆದು ಸ್ಟ್ಯಾಂಡಿಗೆ ತಲೆಕೆಳಗಾಗಿ ಸಿಕ್ಕಿಸಿ, ಮಧ್ಯಾಹ್ನದ ಬ್ಯಾಚಿನವರು ಬರುವ ಹೊತ್ತಿಗೆ ಒಣಗಿರುತ್ತದೆ.