ಕಟಾಬಾ ವ್ಯಾಲಿಯ ಹಳೇ ಜಾಡಿ, ಜಗ್ಗು: ನನ್ನ ಅನುಭವ

ನಾನು ಅಮೆರಿಕದ ನಾರ್ತ್ ಕ್ಯಾರೊಲೈನಾದ ಶಾರ್ಲಟ್‌ಗೆ ಬಂದು ಹನ್ನೊಂದು ವರ್ಷ ಆಯ್ತು, ಹಳೇ ಜಾಡಿ ಜಗ್ಗು ಕೂಡಿಡೋಕೆ ಶುರು ಮಾಡಿ ಏಳು. ಒಂದು ಶನಿವಾರ ಲಿಂಕನ್ ಕೌಂಟಿಲಿ ಯಾರದೋ ಹಳೇ ಮನೆ ಸಾಮಾನೆಲ್ಲ ಮಾರ್ತಿದ್ರು, ಕುರ್ಚಿ ನೋಡೋಣ ಅಂತ ಹೋದೆ, ಗ್ಯಾರೇಜ್ ಮೂಲೇಲಿ ಹಸಿರು ಮಿಶ್ರಿತ ಕಂದು ಬಣ್ಣದ ಒಂದು ಜಗ್ ಇತ್ತು. ಬೆಲ್ಲದ ಪಾಕ ಸುರಿದು ಅಲ್ಲೇ ಗಟ್ಟಿಯಾದ ಹಾಗೆ ಗ್ಲೇಜ್, ಅಂದ್ರೆ ಗಾಜಿನಂಥ ಹೊಳಪಿನ ಲೇಪ, ಮೈಮೇಲೆ ಇಳಿದಿತ್ತು, ಹಿಡಿ ಹತ್ರದಿಂದ ಎರಡು ನೀಲಿ-ಬಿಳಿ ಗೆರೆ. ಆ ಗೆರೆ ಚಿತ್ರ ಬರೆದಿದ್ದಲ್ಲ, ಆವಿಗೆಗೆ ಇಡೋ ಮುಂಚೆ ಹಿಡಿ ಮೇಲೆ ಗಾಜಿನ ಚೂರು ಇಡ್ತಿದ್ರು, ಬೆಂಕಿಗೆ ಅದು ಕರಗಿ ಹರಿದಿದ್ದು.

ಅಲ್ಲಿಂದ ಓದೋಕೆ ಕೂತೆ. ಇಲ್ಲಿ ಪಾತ್ರೆ ಮೈ ನೋಡಿದ್ರೇ ಯಾವ ಸೀಮೆದು ಅಂತ ಸುಮಾರಾಗಿ ಗೊತ್ತಾಗುತ್ತೆ. ಪೂರ್ವಕ್ಕೆ ಸೀಗ್ರೋವ್ ಕಡೆ ಉರಿಯೋ ಆವಿಗೆಗೆ ಉಪ್ಪು ಎರಚ್ತಿದ್ರು, ಅದಕ್ಕೇ ಆ ಪಾತ್ರೆ ಬೂದು ಬಣ್ಣ, ಮುಟ್ಟಿದ್ರೆ ಕಿತ್ತಳೆ ಸಿಪ್ಪೆ ಥರ. ಲಿಂಕನ್ ಕೌಂಟಿ ಇರೋ ಈ ಕಟಾಬಾ ವ್ಯಾಲೀಲಿ ಮಾತ್ರ ಒಲೆ ಬೂದಿ, ಜೇಡಿಮಣ್ಣು, ಪುಡಿ ಗಾಜು ಕಲಸಿ ಬಳೀತಿದ್ರು. ಡೇನಿಯಲ್ ಸೀಗಲ್ ಅನ್ನೋ ಕುಂಬಾರರು ಹತ್ತೊಂಬತ್ತನೇ ಶತಮಾನದಲ್ಲಿ ಇಲ್ಲೇ ಮಾಡ್ತಿದ್ರು, ಅವರ ಡಿಎಸ್ ಮುದ್ರೆ ಇರೋ ಜಾಡಿ ನನ್ನ ಜೇಬಿಗೆ ಎಟುಕೋದಲ್ಲ. ಹೆಂಡದ ನಿಷೇಧ 1909ರಲ್ಲಿ ನಾರ್ತ್ ಕ್ಯಾರೊಲೈನಾದಲ್ಲಿ ಜಾರಿಗೆ ಬಂತು, ಹೆಂಡ ತುಂಬೋ ಜಗ್ ಕೇಳೋರು ಕಮ್ಮಿಯಾದ್ರು, ಜೊತೆಗೆ ಅಗ್ಗದ ಗಾಜಿನ ಜಾರ್‌ಗಳು ಬಂದ್ವು, ಕುಂಬಾರರ ಕೆಲಸ ಕ್ಷೀಣಿಸ್ತಾ ಹೋಯ್ತು. ಇಲ್ಲಿನ ವೇಲ್ ಊರಿನ ಕುಂಬಾರ ಬರ್ಲನ್ ಕ್ರೇಗ್ 1945ರಲ್ಲಿ ಒಂದು ಹಳೇ ಕುಂಬಾರಿಕೆ ಕಾರ್ಖಾನೆ ಕೊಂಡು, ಅರ್ಧ ನೆಲದೊಳಗೆ ಹೂತ ಉದ್ದನೇ ಆವಿಗೇಲಿ ಸೌದೆ ಉರಿಸ್ತಾ ಹಳೇ ಪದ್ಧತೀನ ಉಳಿಸಿದ್ರು, 1984ರಲ್ಲಿ ಅವರಿಗೆ ಜಾನಪದ ಕಲಾವಿದರಿಗೆ ಅಮೆರಿಕ ಸರ್ಕಾರ ಕೊಡೋ ನ್ಯಾಷನಲ್ ಹೆರಿಟೇಜ್ ಫೆಲೋಶಿಪ್ ಬಂತು.

ಮೂರನೇ ವರ್ಷ ಒಬ್ಬ ವ್ಯಾಪಾರಿ ಹತ್ರ ಎರಡು ಗ್ಯಾಲನ್ ಜಗ್ ತಗೊಂಡೆ, ದೊಡ್ಡ ಮೊತ್ತ ಕೊಟ್ಟೆ, ಒಂದು ಬಿರುಕಿಲ್ಲ ಅಂತ ಹೇಳಿದ್ರು. ರಾತ್ರಿ ದೀಪ ಆರಿಸಿ ಯುವಿ (ಅತಿನೇರಳೆ ಬೆಳಕಿನ) ಟಾರ್ಚ್ ಹಾಕಿದ್ರೆ ಬಾಯಿ ಮತ್ತೆ ಹಿಡಿ ಉಳಿದ ಮೈಗಿಂತ ಬೇರೇನೇ ಹೊಳೀತು. ಒಡೆದ ಬಾಯಿಗೆ ಮೆತ್ತಿ ಬಣ್ಣ ಹೊಡೆದಿದ್ರು. ದುಡ್ಡು ವಾಪಸ್ ಬರಲಿಲ್ಲ, ತುಂಬಾ ಬೇಜಾರಾಯ್ತು. ಈಗ ದುಡ್ಡು ಕೊಡೋ ಮುಂಚೇನೇ ಟಾರ್ಚ್ ತೆಗೀತೀನಿ, ನಮ್ಮಜ್ಜಿ ಸಂತೇಲಿ ಮಡಕೆ ತಟ್ಟಿ ಕೇಳ್ತಿದ್ರಲ್ಲ ಹಾಗೆ ಬೆರಳ ಗೆಣ್ಣಲ್ಲಿ ತಟ್ಟಿ ನೋಡ್ತೀನಿ, ಗಟ್ಟಿ ಇದ್ರೆ ಠಣ್ ಅನ್ನುತ್ತೆ, ಬಿರುಕಿದ್ರೆ ಸದ್ದು ಸತ್ತೋಗಿರುತ್ತೆ. ಆಮೇಲೆ ಬೋರಲು ಹಾಕಿ ತಳ ನೋಡ್ತೀನಿ, ನೂರು ವರ್ಷ ನೆಲದ ಮೇಲೆ ಎಳೆದಾಡಿದ ಸವಕಲು ನಯವಾಗಿ, ಒಂದು ಕಡೆ ಜಾಸ್ತಿ ಒಂದು ಕಡೆ ಕಮ್ಮಿ ಇರುತ್ತೆ, ಬೇಕಂತ ಉಜ್ಜಿದ್ದಾದ್ರೆ ಗೀರೆಲ್ಲ ಒಂದೇ ದಿಕ್ಕಿಗೆ.

ಆದ್ರೆ ಇದಕ್ಕಿಂತ ಹೆಚ್ಚಾಗಿ ನಾನು ಕೇಳೋದು, ಇದು ಯಾರ ಮನೇದು, ಏನಿಡ್ತಿದ್ರು ಅಂತ. ಬಹುಪಾಲು ಜಾಡಿ ಮೇಲೆ ಹೆಸರೇ ಇಲ್ಲ. ಪಕ್ಕದ ಸೌತ್ ಕ್ಯಾರೊಲೈನಾದ ಎಜ್‌ಫೀಲ್ಡ್‌ನಲ್ಲಿ ಎಷ್ಟೋ ಪಾತ್ರೆ ಮಾಡಿದ್ದು ಗುಲಾಮರಾಗಿದ್ದ ಕಪ್ಪು ಜನ. ಅವರಲ್ಲಿ ಡೇವಿಡ್ ಡ್ರೇಕ್, ಗುಲಾಮರಿಗೆ ಅಕ್ಷರ ಕಲಿಸೋದು ಅಪರಾಧ ಅಂತ ಕಾನೂನಿದ್ದ ಕಾಲದಲ್ಲಿ, ಹಸಿ ಮಣ್ಣಲ್ಲಿ ಡೇವ್ ಅಂತ ಹೆಸರು, ತಾರೀಖು, ಎರಡು ಸಾಲು ಪದ್ಯ ಕೆತ್ತಿದ್ರು. 1857ರ ಒಂದು ಜಾಡೀಲಿ ನನ್ನ ಬಂಧುಗಳೆಲ್ಲ ಎಲ್ಲಿದ್ದಾರೋ ಅಂತ ಕೇಳ್ತಾರೆ. ಚಾರ್ಲ್‌ಸ್ಟನ್ ಮ್ಯೂಸಿಯಂನಲ್ಲಿ ಅವರ 1859ರ 40 ಗ್ಯಾಲನ್ ಜಾಡಿ ಮುಂದೆ ನಾನು ಅರ್ಧ ಗಂಟೆ ನಿಂತಿದ್ದೆ.

ಮೊದಲ ಜಗ್ಗಿನ ಮನೆ ಅಜ್ಜಿ ಹೇಳಿದ್ರು, ಅವರಮ್ಮ ಅದರಲ್ಲಿ ಜೋಳದ ದಂಟಿನ ಕಾಕಂಬಿ ತುಂಬಿಡ್ತಿದ್ರಂತೆ. ಆ ಮಾತು, ರಸ್ತೆ ಹೆಸರು, ತಾರೀಖು ಎಲ್ಲ ಚೀಟೀಲಿ ಬರೆದು ಹಿಡಿಗೆ ದಾರ ಕಟ್ಟಿದೀನಿ. ಒಳಗಿರೋ ಕಪ್ಪು ಕಲೆ ತೊಳೆದಿಲ್ಲ.