ಆಟಿಯ ಮಳೆಯಲ್ಲಿ 23 ಜನರನ್ನು ಮಂಗಳೂರಿನಲ್ಲಿ ಸೇರಿಸಿದ ನನ್ನ ಅನುಭವ

ತುಳುನಾಡಿನ ಆಟಿ ತಿಂಗಳ (ಜುಲೈ–ಆಗಸ್ಟ್) ಜಡಿಮಳೆಯಲ್ಲಿ ಕುಟುಂಬದವರನ್ನೂ ಕಾಲೇಜಿನ ಹಳೆಯ ಗೆಳೆಯರನ್ನೂ ಒಂದೇ ದಿನ ಮಂಗಳೂರಿನಲ್ಲಿ ಸೇರಿಸುತ್ತೇನೆಂದು ನಾನು ಹೇಳಿದಾಗ, ಬದಿಯಡ್ಕದ ಭಾವ ಎಲೆಯಡಿಕೆಯ ತಟ್ಟೆಯನ್ನು ಕೆಳಗಿಟ್ಟು, "ಈ ಮಳೆಗೆ ಆರು ಬತ್ತವು (ಯಾರು ಬರುತ್ತಾರೆ)? ನಿನಗೆಂತ ಮರುಳೋ?" ಎಂದು ಕೇಳಿದ್ದರು. ಬಂದವರು 23 ಜನ. ಹದಿನಾಲ್ಕು ಜನ ಕಾಸರಗೋಡಿನ ಕಡೆಯಿಂದ ರೈಲಿನಲ್ಲಿ ಹೋದೆವು, ಒಂಬತ್ತು ಜನ ಮಂಗಳೂರಿನಲ್ಲೇ ಇರುವವರು. ಭಾವನೂ ಬಂದಿದ್ದರು.

ಇದಕ್ಕೆ ಮೊದಲು ಮೂರು ಬಾರಿ ಸೋತಿದ್ದೆ. ಮೊದಲನೆಯದು ಒಂದು ಡಿಸೆಂಬರಿನಲ್ಲಿ. ಕಾಸರಗೋಡಿನಲ್ಲಿ ಸಭಾಭವನ ಹಿಡಿದು, 60 ಎಲೆಯ ಊಟಕ್ಕೆ ಹೇಳಿ, ವಾಟ್ಸಾಪ್ ಗುಂಪಿನಲ್ಲಿ ಕರೆಯೋಲೆ ಹಾಕಿದೆ. ಹೆಬ್ಬೆರಳು ಎತ್ತಿ ತೋರಿಸಿದವರು ಐವತ್ತಕ್ಕೂ ಮೇಲೆ, ಬಂದು ಉಂಡವರು 17. ಅಡಿಕೆ ಕೊಯ್ಲು ಶುರುವಾದ ಕಾಲದಲ್ಲಿ ಅಂಗಳ ಬಿಟ್ಟು ಯಾರು ಬರುತ್ತಾರೆಂದು ನಾನು ಮೊದಲೇ ಯೋಚಿಸಬೇಕಿತ್ತು. ಬಾಡಿಗೆ, ಊಟ ಎಲ್ಲ ಸೇರಿ ಸುಮಾರು 15,000 ರೂಪಾಯಿ ಹೋಯಿತು. ಉಳಿದ ಪಾಯಸವನ್ನು ನೆರೆಮನೆಗಳಿಗೆ ಹಂಚಿಯೂ ಮುಗಿಯದೆ ಎರಡು ದಿನ ನಾವೇ ಕುಡಿದೆವು. ಎರಡನೆಯದು ಮೇ ತಿಂಗಳಲ್ಲಿ. ಮಕ್ಕಳಿಗೆ ರಜೆಯೆಂದು ಮಿನಿಬಸ್ಸಿಗೆ 3,000 ಮುಂಗಡ ಕೊಟ್ಟಿದ್ದೆ, ಅದೇ ದಿನ ಬಳಗದಲ್ಲೇ ಎರಡು ಮದುವೆ ಮತ್ತು ಒಂದು ಉಪನಯನ ನಿಗದಿಯಾದವು. ಮುಂಗಡ ತಿರುಗಿ ಬರಲಿಲ್ಲ.

ಮೂರನೆಯ ಸೋಲಿನಲ್ಲಿ ನನಗೆ ದಾರಿ ಕಂಡಿತು. ಜುಲೈ ನಡುವಿನ ಒಂದು ಭಾನುವಾರ ಹನ್ನೊಂದು ಜನ ಬರುತ್ತೇವೆಂದು ಒಪ್ಪಿದ್ದರು. ಶನಿವಾರ ಮಧ್ಯಾಹ್ನ ಮಳೆ ಬಿಟ್ಟು ಚೊಕ್ಕ ಬಿಸಿಲು ಬಂತು. ಸಂಜೆಯಾಗುವುದರೊಳಗೆ ಒಬ್ಬೊಬ್ಬರದೇ ಫೋನು: ಅಡಿಕೆಗೆ ಮದ್ದು ಬಿಡುವವರು (ಸಿಂಪಡಿಸುವವರು) ನಾಳೆ ಬರುತ್ತಾರಂತೆ, ನಾಳೆ ತಪ್ಪಿದರೆ ಇನ್ನು ಅವರು ಸಿಗುವುದಿಲ್ಲ. ಮೊದಲ ಮದ್ದು ಬಿಟ್ಟು 40–45 ದಿನ ಕಳೆದಿರುವಾಗ ಬಿಸಿಲು ಕಂಡರೆ, ಅಡಿಕೆಯನ್ನು ಉದುರಿಸುವ ಕೊಳೆರೋಗದ ಹೆದರಿಕೆಯಿರುವ ಯಾವ ತೋಟದವನೂ ನೆಂಟರ ಮುಖ ನೋಡಲು ಹೊರಡುವುದಿಲ್ಲ. ನಾನೂ ಹೊರಡುತ್ತಿರಲಿಲ್ಲ, ಆ ಭಾನುವಾರ ನಾನು ಮದ್ದಿಗೆ ಮೈಲುತುತ್ತು ಕರಗಿಸುತ್ತಾ ಕೂತಿದ್ದೆ. ಹಾಗಾದರೆ ಮಳೆ ಬಿಡದೆ ಹೊಯ್ಯುವ ದಿನವೇ ಇವರೆಲ್ಲ ಬಿಡುವಾಗಿರುವ ದಿನವಲ್ಲವೇ ಎಂದು ಆಗ ಹೊಳೆಯಿತು. ಆಟಿಯಲ್ಲಿ ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ದೈವದ ಕೋಲವಿಲ್ಲ. ಯಕ್ಷಗಾನ ಮೇಳಗಳೂ ಮೇ ಕೊನೆಯ ಪತ್ತನಾಜೆಗೇ ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿರುತ್ತವೆ. ಮಳೆಗಾಗಿ ದೇವರಿಗೆ ಕೈಮುಗಿದು ಕಾರ್ಯಕ್ರಮ ಇಟ್ಟವನು ನಮ್ಮ ಸೀಮೆಯಲ್ಲಿ ನಾನೊಬ್ಬನೇ ಇರಬೇಕು. ಹವಾಮಾನ ಇಲಾಖೆಯ ಕಿತ್ತಳೆ ಎಚ್ಚರಿಕೆಯವರೆಗೆ ನಾನು ಹೊರಡುತ್ತೇನೆ. ಕೆಂಪು ಎಂದರೆ ಮರುಮಾತಿಲ್ಲದೆ ಮುಂದಿನ ಭಾನುವಾರ.

ಇಷ್ಟು ಹಟವೇಕೆ ಎಂದರೆ, 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಕನ್ನಡದಲ್ಲಿ ಓದಿದ ನಮ್ಮ ಮನೆಯ ಮಕ್ಕಳು ಕೆಲಸ ಹುಡುಕಿಕೊಂಡು ಹೋದದ್ದು ಹೆಚ್ಚಾಗಿ ಮಂಗಳೂರಿಗೇ. ಐವತ್ತು ಕಿಲೋಮೀಟರು ಏನು ದೂರವೆಂದು ನಾವು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. 2020ರ ಮಾರ್ಚಿನಲ್ಲಿ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದ ಬಳಿಕ ಚಿಕ್ಕಪ್ಪ ಮಂಗಳೂರಿನಲ್ಲಿ ತೀರಿಕೊಂಡರು. ನಾವು ಹೋಗಲಾಗಲಿಲ್ಲ. ಆಮೇಲೆ ಗಡಿ ತೆರೆಯಿತು, ಹೋಗಿಬರುವ ರೂಢಿ ಮಾತ್ರ ತಿರುಗಿ ಬರಲಿಲ್ಲ.

ಈ ಬಾರಿ ಗುಂಪಿನಲ್ಲಿ ಒಂದಕ್ಷರವನ್ನೂ ಬರೆಯಲಿಲ್ಲ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಫೋನು ಮಾಡಿ ಎರಡು ಸಂಗತಿಗಳನ್ನು ಮಾತ್ರ ಹೇಳಿದೆ: ಬೆಳಗಿನ ಪ್ಯಾಸೆಂಜರಿನಲ್ಲಿ ಹಿಂದಿನಿಂದ ಎರಡನೆಯ ಬೋಗಿಗೆ ಹತ್ತಬೇಕು, ಬರುವಾಗ ಇಂಥವರಿಗೆ ಇಂಥದ್ದನ್ನು ತಂದುಕೊಡಬೇಕು. ಅತ್ತಿಗೆಗೆ ಕೆಸುವಿನ ಎಲೆ, ದೊಡ್ಡಣ್ಣನಿಗೆ ಹಳೆಯ ಫೋಟೋದ ಪ್ರತಿ, ಮಾವನಿಗೆ ಹಲಸಿನ ಹಪ್ಪಳ. ಬನ್ನಿ ಎಂದು ಕರೆದರೆ ತಪ್ಪಿಸಿಕೊಳ್ಳುವವರೂ ಇನ್ನೊಬ್ಬರ ಹಪ್ಪಳ ತಮ್ಮ ಮನೆಯಲ್ಲಿ ಉಳಿದರೆ ಸುಮ್ಮನಿರಲಾರರು. ಕಾಸರಗೋಡಿನಲ್ಲಿ ನಾಲ್ವರು, ಕುಂಬಳೆಯಲ್ಲಿ ನಾವು ಆರು ಜನ, ಉಪ್ಪಳದಲ್ಲಿ ಇಬ್ಬರು, ಮಂಜೇಶ್ವರದಲ್ಲಿ ಇಬ್ಬರು ಹತ್ತಿದರು. ಕಿಟಕಿಗಳನ್ನೆಲ್ಲ ಇಳಿಸಿದ್ದ ಬೋಗಿಯೊಳಗೆ ಒದ್ದೆ ಬಟ್ಟೆಯ ವಾಸನೆಯ ನಡುವೆ ಪ್ರತಿ ಸ್ಟೇಷನ್ನಿನಲ್ಲೂ ಒಂದೊಂದು ಮುಖ ಬಂದು ಸೇರುತ್ತಿತ್ತು. ನೇತ್ರಾವತಿ ಸೇತುವೆ ದಾಟುವಾಗ ಒಬ್ಬರೂ ಕೆಂಪು ನೀರನ್ನು ನೋಡುತ್ತಿರಲಿಲ್ಲ, ಎಲ್ಲರೂ ಮಾತಿನಲ್ಲಿದ್ದರು. ಸಭಾಭವನದ ಬಾಡಿಗೆ ಇಲ್ಲಿಗೇ ಉಳಿಯಿತು.

ಆದರೂ ಎಡವಟ್ಟುಗಳು ತಪ್ಪಲಿಲ್ಲ. ನಾವು ಸೇರಬೇಕಿದ್ದ ಚಿಕ್ಕಮ್ಮನ ಫ್ಲ್ಯಾಟು ನಾಲ್ಕನೆಯ ಮಹಡಿಯಲ್ಲಿ. ನಾವು ಮುಟ್ಟಿದ ಹೊತ್ತಿಗೆ ಕರೆಂಟು ಹೋಗಿ ಲಿಫ್ಟು ನಿಂತಿತ್ತು. ಮಂಡಿನೋವಿನ ದೊಡ್ಡಣ್ಣನನ್ನು ಹುಡುಗರು ಕುರ್ಚಿಯಲ್ಲಿ ಕೂರಿಸಿ ಹೊತ್ತರು, ಎರಡನೆಯ ಮಹಡಿಯಲ್ಲಿ ಇಪ್ಪತ್ತು ನಿಮಿಷ ಸುಧಾರಿಸಿಕೊಂಡರು. ಕೊಡೆಗಳದು ಬೇರೆಯೇ ಕಥೆ. ಎಲ್ಲವೂ ಕಪ್ಪು ಕೊಡೆಗಳಾದ್ದರಿಂದ ಗುರುತಿಗೆ ಹಿಡಿಗೆ ಬಣ್ಣದ ನೂಲು ಕಟ್ಟುವ ಪ್ರಯೋಗ ಮಾಡಿದೆ. ಬಣ್ಣ ಮಳೆಗೆ ಕರಗಿ ನಾಲ್ಕೈದು ಬಿಳಿ ಅಂಗಿಗಳು ಹಾಳಾದವು, ಕೊಡೆಗಳು ಅದಲುಬದಲಾಗುವುದೂ ತಪ್ಪಲಿಲ್ಲ.

ತಿಂಡಿಯ ಪ್ರಯೋಗ ಮಾತ್ರ ಗೆದ್ದಿತು. ಉಪ್ಪುಸೊಳೆಯ (ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆಯ) ಉಂಡ್ಲಕಾಳು, ಅಂದರೆ ಕರಿದ ಸಣ್ಣ ಉಂಡೆಗಳು, ಆಟಿಯ ಗಾಳಿಗೆ ಅರ್ಧ ದಿನದಲ್ಲಿ ಮೆತ್ತಗಾಗುತ್ತದೆಂಬುದು ನಮ್ಮ ಕಡೆಯವರಿಗೆಲ್ಲ ಗೊತ್ತು. ಪ್ಲಾಸ್ಟಿಕ್ ಚೀಲದಲ್ಲಿಟ್ಟದ್ದು ಕೆಟ್ಟಿತು, ಸ್ಟೀಲಿನ ಡಬ್ಬಿಯಲ್ಲಿಟ್ಟದ್ದೂ ಅಷ್ಟಕ್ಕಷ್ಟೇ ಆಯಿತು. ತಗಡಿನ ಡಬ್ಬಿಯ ತಳಕ್ಕೆ ಹುರಿದ ಅಕ್ಕಿಯ ಗಂಟಿಟ್ಟು ತುಂಬಿಸಿದ್ದು ಮಧ್ಯಾಹ್ನವೂ ಗರಿಗರಿಯಾಗಿತ್ತು. 84 ವರ್ಷದ ಚಿಕ್ಕಮ್ಮನಿಗೆ ಹಲ್ಲಿಲ್ಲ. ಒಂದು ಉಂಡ್ಲಕಾಳನ್ನು ಕೆನ್ನೆಯ ಮೂಲೆಗೆ ಸೇರಿಸಿಕೊಂಡು, ಅದು ನೆನೆಯುವವರೆಗೆ ಮಾತಾಡದೆ ಕೂತಿದ್ದು, ಆಮೇಲೆ, "ಇದು ಕೆರೆಕರೆಯ ಮರದ್ದಲ್ಲದೋ?" ಎಂದು ಕೇಳಿದರು. ಹೌದು, ಕೆರೆಯ ದಂಡೆಯ ಅದೇ ಹಲಸಿನ ಮರದ್ದು. ಅವರು ಊರಿನ ಮನೆಗೆ ಬಾರದೆ ಒಂಬತ್ತು ವರ್ಷವಾಗಿತ್ತು.

ಮಳೆಯಿಂದಾದ ಇನ್ನೊಂದು ಉಪಕಾರವನ್ನು ನಾನು ಮೊದಲು ಎಣಿಸಿರಲಿಲ್ಲ. ಬಂದವರು ಎದ್ದು ಹೋಗಲಾರರು. ಬಿಸಿಲ ದಿನವಾಗಿದ್ದರೆ ಉಂಡ ಕೈ ತೊಳೆಯುತ್ತಲೇ ಒಬ್ಬರಿಗೆ ತೋಟ, ಇನ್ನೊಬ್ಬರಿಗೆ ಅಂಗಡಿ ನೆನಪಾಗುತ್ತಿತ್ತು. ಅಂದು ಮೂರು ಗಂಟೆಯವರೆಗೆ ಬಾಲ್ಕನಿಯ ಆಚೆಗೆ ಎದುರಿನ ಕಟ್ಟಡವೇ ಕಾಣಿಸುತ್ತಿರಲಿಲ್ಲ. ಕಾಸರಗೋಡು ಸರಕಾರಿ ಕಾಲೇಜಿನಲ್ಲಿ ನನ್ನೊಡನೆ ಓದಿದ ಇಬ್ಬರು ಗೆಳೆಯರು, ಒಂದು ಸಾಲದ ವಿಷಯದಲ್ಲಿ ಹನ್ನೊಂದು ವರ್ಷ ಮಾತು ಬಿಟ್ಟವರು, ಅದೇ ಕೋಣೆಯಲ್ಲಿ ಸಿಕ್ಕಿಬಿದ್ದರು. ಮೊದಲ ಒಂದು ಗಂಟೆ ಇಬ್ಬರೂ ನನ್ನೊಡನೆ ಮಾತ್ರ ಮಾತಾಡಿದರು. ಬಳಿಕ ಒಬ್ಬ ಇನ್ನೊಬ್ಬನ ಮಗಳ ಓದಿನ ಬಗ್ಗೆ ಕೇಳಿದ. ಇಬ್ಬರನ್ನೂ ಒಂದೇ ದಿನ ಹೇಗೆ ಹೊರಡಿಸಿದೆನೆಂಬುದನ್ನು ಇಲ್ಲಿ ಬರೆಯುವುದಿಲ್ಲ, ಆ ಉಪಾಯ ನನಗೆ ಇನ್ನೊಂದು ಜೋಡಿಗೆ ಬೇಕಾಗಿದೆ.

ಮಳೆ ಸ್ವಲ್ಪ ಇಳಿದಾಗ ಹನ್ನೊಂದು ಜನ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲಿಗೆ ಹೋದೆವು. ಮಳೆಗಾಲದಲ್ಲಿ ಕಡಲತೀರಕ್ಕೆ ಹೋಗುವುದರಲ್ಲಿ ಅರ್ಥವಿಲ್ಲ. ಒಳಗೆ ನಿಂತು ನೋಡುವಂಥದ್ದನ್ನೇ ಆರಿಸಬೇಕು. ಗೋಡೆಯಿಂದ ಮಾಡಿನವರೆಗೂ ಇಟಲಿಯ ಆಂಟೋನಿಯೋ ಮೊಸ್ಕೇನಿ 1899ರ ನಂತರದ ಎರಡು–ಮೂರು ವರ್ಷಗಳಲ್ಲಿ ಬರೆದ ಚಿತ್ರಗಳಿವೆ. ಈ ತೇವದ ಊರಿನಲ್ಲಿ ಅಷ್ಟೆತ್ತರದಲ್ಲಿ ಬಣ್ಣ ಹೇಗೆ ಒಣಗಿತೆಂದು ಭಾವ ಕುತ್ತಿಗೆ ಎತ್ತಿ ಬಹಳ ಹೊತ್ತು ನೋಡಿದರು. ಮಕ್ಕಳಿಗೆ ಗಡ್‌ಬಡ್ ಬೇಕಿತ್ತು. ಮಳೆಯಲ್ಲಿ ಐಸ್‌ಕ್ರೀಮ್ ಬೇಡವೆಂದ ಹಿರಿಯರೇ ಕೊನೆಗೆ ಹೆಚ್ಚು ತಿಂದರು.

ಖರ್ಚು ನೆನಪಿನಿಂದ ಹೇಳುವುದಾದರೆ, ರೈಲಿಗೆ ಹೋಗಿಬರುವುದು ಸೇರಿ 700ರಷ್ಟು, ಆಟೋಗಳಿಗೆ 800, ಅಡುಗೆಯ ಸಾಮಾನಿಗೆ 2,000, ಐಸ್‌ಕ್ರೀಮಿಗೆ 2,300. ಒಟ್ಟು ಆರು ಸಾವಿರದ ಒಳಗೆ. ಸಭಾಭವನದ ಸಲ ಕಳೆದುಕೊಂಡದ್ದರ ಅರ್ಧವೂ ಅಲ್ಲ. ಬರುವ ಆಟಿಗೆ ಈಗಲೇ 30 ಜನ ಹೇಳಿದ್ದಾರೆ. ಹಿಂದಿನಿಂದ ಎರಡನೆಯ ಬೋಗಿಯನ್ನು ಆರಿಸಿದ್ದು ತಾನೇ ಎಂದು ಭಾವ ಬದಿಯಡ್ಕದಲ್ಲಿ ಹೇಳಿಕೊಂಡು ತಿರುಗುತ್ತಿದ್ದಾರೆಂದು ಕೇಳಿದೆ.