ಒಂದು ಬಾಣಕ್ಕಾಗಿ ಮೂರು ರಾತ್ರಿ ಜಗಳ

ನಾವು ನಾಲ್ಕು ಜನ. ಇಬ್ಬರು ಶಿರಸಿ ಕಡೆಯವರು, ಒಬ್ಬ ಕುಮಟಾ, ಒಬ್ಬ ಕಾರವಾರ. ರಾತ್ರಿ ಊಟ ಆದಮೇಲೆ ವಾಟ್ಸಾಪಿನಲ್ಲಿ ರೋಲ್‌ಪ್ಲೇ ಆಡುತ್ತೇವೆ. ಒಬ್ಬೊಬ್ಬರಿಗೆ ಒಂದೊಂದು ಪಾತ್ರ, ಹೊಡೆಯುವುದು, ಹೊಡೆಸಿಕೊಳ್ಳುವುದು ಎಲ್ಲ ಬರೆದೇ. ದಾಳ ಇಲ್ಲ, ಪಾಯಿಂಟ್ ಇಲ್ಲ. ಅದಕ್ಕೇ ಜಗಳ ಜಾಸ್ತಿ.

ಈ ಸಲ ನನ್ನ ಪಾತ್ರ 20 ಮೀಟರ್ ದೂರದಿಂದ ಬಾಣ ಬಿಟ್ಟಿತ್ತು. ಕುಮಟಾದವನು ‘ಬಾಣ ಬರುವುದನ್ನು ನೋಡಿ ಪಕ್ಕಕ್ಕೆ ಸರಿದೆ, ಕತ್ತಿ ಎಳೆದೆ’ ಎಂದು ಬರೆದ. ಆಗುವುದಿಲ್ಲ ಅಂದೆ. “ಯಕ್ಷಗಾನದ ಯುದ್ಧದಲ್ಲಿ ಹೀಗೆ ಲೆಕ್ಕ ಕೇಳ್ತೀಯನೋ ಮಾರಾಯ?” ಅಂದ. ಮಾತೇನೋ ಚೆನ್ನಾಗಿತ್ತು. ಆದರೆ ಮನುಷ್ಯನ ಕೈಲಿ ಆಗುವಷ್ಟೇ ಬರೆಯಬೇಕು ಅಂತ ನಾವೇ ಶುರುವಿನಲ್ಲಿ ಮಾತಾಡಿಕೊಂಡಿದ್ದೆವು. ಮೂರು ರಾತ್ರಿ ಆಟ ಅಲ್ಲೇ ನಿಂತಿತು.

ಭಾನುವಾರ ಅವನೇ ನಮ್ಮನೆಗೆ ಬಂದ. ಜಗಲಿಯಲ್ಲಿ ಕೂತು 30 ಸೆಂಟಿಮೀಟರ್ ಸ್ಕೇಲ್ ತಂದೆ. ನಾನು ಮೇಲಿನಿಂದ ಬಿಡಬೇಕು, ಅವನು ಎರಡು ಬೆರಳಲ್ಲಿ ಹಿಡಿಯಬೇಕು. 21 ಸೆಂಟಿಮೀಟರ್ ಬಿದ್ದ ಮೇಲೆ ಹಿಡಿದ. ಸ್ಕೇಲ್ ಅಷ್ಟು ಬೀಳಲು ಹಿಡಿಯುವ ಹೊತ್ತು ಅಂದರೆ 0.2 ಸೆಕೆಂಡಿಗಿಂತ ಒಂದು ಚೂರು ಜಾಸ್ತಿ. ಹತ್ತು ಸಲ ಆಡಿ ಕೈ ಪಳಗಿದ ಮೇಲೆ 16ಕ್ಕೆ ಬಂತು. ನಡುವೆ ಅಮ್ಮ ಚಾ ತಂದು ಮಾತಾಡಿಸಿದಾಗ ಮಾತ್ರ 28.

ಇದು ಬರೀ ಬೆರಳಿನ ಕತೆ. ಮೈ ಸರಿಸುವುದು ಬೇರೆ ಅಲ್ವಾ? ಅಡಿಕೆ ಒಣಗಿಸುವ ಅಂಗಳದಲ್ಲಿ ಅವನನ್ನು ನಿಲ್ಲಿಸಿ ಟೆನಿಸ್ ಬಾಲ್ ಎಸೆದೆ. ಮೊಬೈಲಿನಲ್ಲಿ ಸೆಕೆಂಡಿಗೆ 240 ಚಿತ್ರದ ಸ್ಲೋ ಮೋಷನ್. ಆಮೇಲೆ ಒಂದೊಂದೇ ಚಿತ್ರ ಎಣಿಸಿದೆವು. ಬಾಲ್ ಕೈಬಿಟ್ಟ ಮೇಲೆ ಮೊದಲ 50 ಚಿತ್ರದಲ್ಲಿ ಆಸಾಮಿ ತುಳಸಿಕಟ್ಟೆ ಹಾಗೆ ನಿಂತಿದ್ದಾನೆ. ಎದೆ ಒಂದು ಗೇಣು ಸರಿಯುವ ಹೊತ್ತಿಗೆ 115. ಹೆಚ್ಚುಕಡಿಮೆ ಅರ್ಧ ಸೆಕೆಂಡ್. ಬಾಣ ಸೆಕೆಂಡಿಗೆ 50 ಮೀಟರ್ ಹೋದರೆ 20 ಮೀಟರಿಗೆ 0.4 ಸೆಕೆಂಡ್ ಸಾಕು. ಗೆದ್ದೆ ಅಂದುಕೊಂಡೆ.

ಅವನು ಬಿಡಲಿಲ್ಲ. “ಇನ್ನೊಂದು ಸಲ ಎಸಿ.” ಈ ಸಲ ಬಾಲ್ ತಾಗಲೇ ಇಲ್ಲ. ವಿಡಿಯೋ ನೋಡಿದರೆ ಬಾಲ್ ಇನ್ನೂ ನನ್ನ ಕೈಯಲ್ಲೇ ಇದೆ, ಅವನು ಆಗಲೇ ಸರಿಯುತ್ತಿದ್ದಾನೆ. ಬಾಲನ್ನಲ್ಲ, ನನ್ನ ಭುಜವನ್ನು ನೋಡುತ್ತಿದ್ದನಂತೆ. ಕಳ್ಳ! ನಾನು ಸುಮ್ನೆ ಭುಜ ಎತ್ತಿ ನಿಲ್ಲಿಸಿದೆ, ಅವನು ಹಾರಿದ, ಹಾರಿದ ಜಾಗಕ್ಕೇ ಎಸೆದೆ, ಹೊಟ್ಟೆಗೆ ಸರಿಯಾಗಿ ತಾಗಿತು.

ಅಲ್ಲಿಂದ ನಮ್ಮ ಬರವಣಿಗೆಯೇ ಬದಲಾಯಿತು. ಹೊಡೆಯುವವನು ದೂರ ಎಷ್ಟು, ಭುಜ, ಕಾಲು, ಉಸಿರು ಹೇಗಿತ್ತು ಅಂತ ಮೊದಲು ಬರೆದು ನಿಲ್ಲಿಸಬೇಕು. ಎದುರಿನವನು ಆಗಲೇ ಸರಿಯುತ್ತೇನೋ ಇಲ್ಲವೋ ಹೇಳಬೇಕು. ಆಮೇಲೆ ಬಾಣ. ಮೋಸದ ಭುಜಕ್ಕೆ ಅವಕಾಶ ಇದೆ. ಆಟ ನಿಧಾನ ಆಗಿದೆ, ನಿಜ. ಆದರೆ ಈಗ ಭಯ ಆಗುತ್ತದೆ.

ಇಷ್ಟೆಲ್ಲ ಆದಮೇಲೆ ಕಾರವಾರದವನು ಎರಡು ವರ್ಷದ ಹಿಂದಿನ ಸ್ಕ್ರೀನ್‌ಶಾಟ್ ಕಳಿಸಿದ. ನನ್ನದೇ ಬರಹ: ‘ಪಿಸ್ತೂಲಿನ ಸದ್ದು ಕೇಳಿ ತಟ್ಟನೆ ಬಗ್ಗಿದೆ.’ ಹತ್ತೇ ಮೀಟರ್ ದೂರ. ಪಿಸ್ತೂಲಿನ ಗುಂಡಿಗೆ ಅದು 0.03 ಸೆಕೆಂಡಿನ ದಾರಿ. ಮೂವರೂ ಸೇರಿ ತೀರ್ಮಾನ ಮಾಡಿದರು, ಆ ಗುಂಡು ನನಗೆ ತಾಗಿತ್ತು ಅಂತ. ಈಗ ನನ್ನ ಪಾತ್ರ ಕುಂಟುತ್ತಿದೆ.